ಇಪ್ಪತ್ತನಾಲ್ಕು ವೋಲ್ಟಿನ ಪಾಠ

ನಿವೃತ್ತನಾದ ಮೇಲೆ ನನ್ನನ್ನು ಆಗಾಗ ತರಬೇತಿ ಕೇಂದ್ರಗಳಿಗೆ ಕರೆಯುತ್ತಾರೆ. ಹಾರ ಹಾಕಿ, ವಿದ್ಯುತ್ ಸುರಕ್ಷತೆಯ ಬಗ್ಗೆ ಹುಡುಗರಿಗೆ ನಾಲ್ಕು ಮಾತು ಹೇಳಿ ಎನ್ನುತ್ತಾರೆ. ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಎಂದು ಹೇಳಿ, ಉಪ್ಪಿಟ್ಟು ತಿಂದು ಮನೆಗೆ ಬರುತ್ತೇನೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ. ಓದಿದ ಮೇಲೂ ಬರುವುದಾದರೆ ಬರಲಿ.

ನಾನು ಗದಗಿನವನು. ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಹತ್ತಿ ಮಿಲ್ಲೊಂದರಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದೆ. ನಮ್ಮಣ್ಣ ಕೇಂದ್ರ ಸರ್ಕಾರದ ನೌಕರ, ಅವನಿಗೆ ವಡೋದರಾಕ್ಕೆ ವರ್ಗವಾದಾಗ ನಾನೂ ಅವನ ಬೆನ್ನು ಹಿಡಿದು ಬಂದೆ. ಮಕರಪುರದ ಕಾರ್ಖಾನೆಗಳ ಸಾಲಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಐಟಿಐ, ಪಾಲಿಟೆಕ್ನಿಕ್ ಪ್ರಯೋಗಶಾಲೆಗಳಿಗೆ ಬೇಕಾದ ತರಬೇತಿ ಬೋರ್ಡುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಆಳೆತ್ತರದ ಹಲಗೆಯ ಮೇಲೆ ಮೇನ್ ಸ್ವಿಚ್ಚು, ಫ್ಯೂಸು, ಒಂದು ಪುಟ್ಟ ಮೋಟಾರು, ದೀಪಗಳು, ಸೋರಿಕೆಯಾದರೆ ಕರೆಂಟ್ ಕಡಿಯುವ ಟ್ರಿಪ್ಪರು, ಎಲ್ಲ ಇರುತ್ತಿದ್ದವು. ಹುಡುಗರು ಅದರ ಮೇಲೆ ಕೈಯಾಡಿಸಿ ಕಲಿಯಬೇಕು. ಬೋರ್ಡನ್ನು ರೂಪಿಸುವುದು, ಕಾಲೇಜಿಗೆ ಒಯ್ದು ಕೂರಿಸುವುದು, ಮೊದಲ ಕೆಲವು ತಿಂಗಳು ನಾನೇ ನಿಂತು ಪಾಠ ಮಾಡುವುದು, ಇದು ನನ್ನ ಕೆಲಸ. ತೊಂಬತ್ತರ ದಶಕದ ಬಹುಪಾಲು ನನ್ನ ಬದುಕು ವಡೋದರಾ, ಅಹಮದಾಬಾದ್, ಸೂರತ್ ನಡುವಿನ ರೈಲಿನಲ್ಲೇ ಕಳೆಯಿತು.

ಮಾಲೀಕ ಕಾಂತಿಭಾಯಿ. ಈ ವ್ಯಾಪಾರಕ್ಕೆ ಬರುವ ಮುಂಚೆ ಅಡುಗೆಮನೆಯ ಕಪಾಟು ಮಾಡಿಸಿ ಮಾರುತ್ತಿದ್ದ. ಆ ಬುದ್ಧಿ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಬೋರ್ಡಿಗೆ ಹಚ್ಚುವ ಸನ್‌ಮೈಕಾ ಆಕಾಶನೀಲಿ ಇರಬೇಕೋ ಹಾಲುಬಿಳಿ ಇರಬೇಕೋ ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತಿದ್ದ. ಒಳಗಿನ ತಂತಿ ಇಷ್ಟು ತೆಳ್ಳಗಿದ್ದರೆ ಹೇಗೆ ಎಂದು ನಾನು ಕೇಳಿದರೆ ಒಂದೇ ಮಾತು: "ಚಾಲ್ಶೇ." ನಡೆಯುತ್ತೆ ಬಿಡು ಎಂದರ್ಥ. ಗುಜರಾತಿನಲ್ಲಿ ನಾನು ಮೊದಲು ಕಲಿತ ಪದವೂ ಅದೇ, ಇವತ್ತಿಗೂ ಕೇಳಿದರೆ ಮೈ ಉರಿಯುವ ಪದವೂ ಅದೇ. ಕಾಂತಿಭಾಯಿ ಕೆಟ್ಟವನಾಗಿರಲಿಲ್ಲ. ನಾಲ್ಕು ಗಂಟೆಗೆ ಎಲ್ಲರಿಗೂ ತನ್ನ ಕೈಯಾರೆ ಚಹಾ ಬಸಿದು ಕೊಡುತ್ತಿದ್ದ. ಕೆಟ್ಟವನಾಗಿದ್ದರೆ ಅವನ ಜೊತೆ ಜಗಳ ಸುಲಭವಾಗುತ್ತಿತ್ತು.

ನನ್ನ ಮೊದಲ ಬೋರ್ಡು ಇನ್ನೂರ ಮೂವತ್ತು ವೋಲ್ಟಿನದು. ಮನೆಯಲ್ಲಿ, ಕಾರ್ಖಾನೆಯಲ್ಲಿ ಇರುವ ಅದೇ ಕರೆಂಟು. ಆದರೆ ಅದಕ್ಕೊಂದು ಕಟ್ಟುನಿಟ್ಟು ಇತ್ತು. ತಂತಿ ಜೋಡಿಸುವ ಜಾಗಕ್ಕೆ ಗಟ್ಟಿ ಮುಚ್ಚಳ, ಮುಚ್ಚಳಕ್ಕೆ ಬೀಗ. ಆ ಬೀಗದ ಕೈ ಇರುವುದು ಮೇನ್ ಸ್ವಿಚ್ಚಿನಲ್ಲಿ. ಸ್ವಿಚ್ ಆರಿಸಿದರೆ ಮಾತ್ರ ಕೀಲಿ ಹೊರಗೆ ಬರುತ್ತದೆ, ಕೀಲಿ ಬಂದರೆ ಮಾತ್ರ ಮುಚ್ಚಳ ತೆರೆಯುತ್ತದೆ. ಆರಿಸು, ಕೀಲಿ ತೆಗೆದು ನಿನ್ನ ಜೇಬಿಗೆ ಹಾಕು, ಟೆಸ್ಟರಿನಿಂದ ನೋಡು, ಆಮೇಲೆ ಮುಟ್ಟು. ಕೆಲಸ ಮುಗಿಯುವವರೆಗೆ ಕೀಲಿ ಬೇರೆಯವರ ಕೈಗೆ ಹೋಗಕೂಡದು. ಇದಿಷ್ಟೇ ವಿದ್ಯುತ್ ಸುರಕ್ಷತೆ. ಉಳಿದದ್ದೆಲ್ಲ ಗೋಡೆಗೆ ಅಂಟಿಸುವ ಪೋಸ್ಟರು.

ಆ ಬೋರ್ಡನ್ನು ಅಹಮದಾಬಾದಿನ ನವರಂಗಪುರದ ಒಂದು ತರಬೇತಿ ಸಂಸ್ಥೆ ಕೊಂಡಿತು. ವಿಭಾಗದ ಮುಖ್ಯಸ್ಥರು ತ್ರಿವೇದಿ ಸಾಹೇಬರು, ಇಸ್ತ್ರಿ ಮಾಡಿದ ಸಫಾರಿ ಸೂಟಿನ ಮನುಷ್ಯ. ಕೈಗೆ ಮಸಿ ಹತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಉದ್ಘಾಟನೆಯ ದಿನ ಬೋರ್ಡಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರು. ನಾನು ಹುಡುಗರಿಗೆ ವಿವರಿಸಿದೆ: ಈಗ ಈ ಗುಂಡಿ ಒತ್ತಿದರೆ ಮೋಟಾರಿನ ಮೈಗೆ ಕರೆಂಟ್ ಸೋರುತ್ತದೆ, ಅದು ಅರ್ಥಿಂಗ್ ತಂತಿಯಲ್ಲಿ ನೆಲಕ್ಕಿಳಿದ ಕ್ಷಣವೇ ಟ್ರಿಪ್ಪರು ಟಪ್ ಎಂದು ಕಡಿಯುತ್ತದೆ. ಗುಂಡಿ ಒತ್ತಿದೆ. ಟಪ್ ಎನ್ನಲಿಲ್ಲ. ಮತ್ತೆ ಒತ್ತಿದೆ. ಟೆಸ್ಟರನ್ನು ಮೋಟಾರಿಗೆ ಹಚ್ಚಿದರೆ ಕೆಂಪಗೆ ಉರಿಯಿತು. ಹುಡುಗರನ್ನು ಹಿಂದಕ್ಕೆ ತಳ್ಳಿ ಮೇನ್ ಆರಿಸಿದೆ.

ತ್ರಿವೇದಿ ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಅಂಗಡಿ, ನಿಮ್ಮ ಮಾಲು ಮೊದಲ ದಿನವೇ ಕೆಟ್ಟಿತಲ್ಲ" ಎಂದರು. ಅವರ ಗುಜರಾತಿಯನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಂಗಡಿ ಎನ್ನುವುದು ನಮ್ಮ ಮನೆತನದ ಹೆಸರು.

ನಾನು ಗೋಡೆಯ ಪ್ಲಗ್ಗಿನಿಂದ ಹಸಿರು ತಂತಿಯನ್ನು ಹಿಡಿದುಕೊಂಡೇ ಹೋದೆ. ಅದು ಕಿಟಕಿಯವರೆಗೆ ಹೋಗಿ ಸರಳಿಗೆ ಸುತ್ತಿಕೊಂಡಿತ್ತು. ಅಲ್ಲಿಂದ ಮುಂದೆ ಇರಲೇ ಇಲ್ಲ. ಅಂಗಳದಲ್ಲಿ ಅರ್ಥಿಂಗ್ ಗುಂಡಿ ಇದ್ದ ಜಾಗದಲ್ಲಿ ಸಿಬ್ಬಂದಿಗಾಗಿ ಹೊಸ ಸ್ಕೂಟರ್ ಸ್ಟ್ಯಾಂಡ್ ಕಟ್ಟಿ ಟೈಲ್ಸ್ ಹಾಸಿದ್ದರು. ಇಡೀ ಕಟ್ಟಡಕ್ಕೆ ಅರ್ಥಿಂಗ್ ಇಲ್ಲ. ಅದೇ ಕಟ್ಟಡದಲ್ಲಿ ಅರ್ಥಿಂಗ್ ಬಗ್ಗೆ ಪರೀಕ್ಷೆ ನಡೆಸಿ ಹುಡುಗರನ್ನು ಫೇಲ್ ಮಾಡುತ್ತಿದ್ದರು.

"ಬೋರ್ಡು ಸರಿಯಾಗಿದೆ ಸಾಹೇಬ್. ಕಟ್ಟಡ ಕೆಟ್ಟಿದೆ" ಎಂದೆ. ನಾನು ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡುವವನು. ಇದರಿಂದ ನನಗೆ ಒಳ್ಳೆಯದಾದದ್ದು ನೆನಪಿಲ್ಲ.

ಟೈಲ್ಸ್ ಅಗೆಯಬೇಕೆಂದರೆ ಮೇಲಿನವರ ಅನುಮತಿ ಬೇಕು, ಅನುಮತಿ ಕೇಳಿದರೆ ಮೊದಲು ಮುಚ್ಚಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅದರ ಬದಲು ತ್ರಿವೇದಿ ಸಾಹೇಬರು ವಡೋದರಾಕ್ಕೆ ಫೋನ್ ಮಾಡಿ, ಹುಡುಗರ ಜೀವಕ್ಕೆ ಅಪಾಯವಿರುವ ಈ ಬೋರ್ಡು ನಮಗೆ ಬೇಡ, ಶಾಕ್ ಹೊಡೆಯದ ಬೋರ್ಡು ಕೊಡಿ ಎಂದರು. ಕಾಂತಿಭಾಯಿ ಒಂದು ವಾರದಲ್ಲಿ ಅದನ್ನು ಇಪ್ಪತ್ತನಾಲ್ಕು ವೋಲ್ಟಿಗೆ ಇಳಿಸಿದ. ಆಟಿಕೆಯ ರೈಲು ಓಡಿಸುವಷ್ಟು ಕರೆಂಟು. ಮುಟ್ಟಿದರೆ ಚುರ್ ಎನ್ನುವುದಿಲ್ಲ. ಮುಟ್ಟಿದರೆ ಏನೂ ಆಗದ ಮೇಲೆ ಮುಚ್ಚಳ ಯಾಕೆ, ಬೀಗ ಯಾಕೆ? ಅವನ್ನೂ ಕಿತ್ತು ಹಾಕಿದ, ಸ್ವಿಚ್ಚಿನಲ್ಲಿ ಕೀಲಿ ಮಾತ್ರ ಉಳಿಯಿತು. ಟೆಸ್ಟರಿನೊಳಗಿನ ದೀಪ ಇಪ್ಪತ್ತನಾಲ್ಕು ವೋಲ್ಟಿಗೆ ಉರಿಯುವುದೇ ಇಲ್ಲ. ಹಾಗಾಗಿ ಟೆಸ್ಟರನ್ನು ಕಿಟ್ಟಿನ ಪೆಟ್ಟಿಗೆಯಿಂದ ಕೈಬಿಟ್ಟ.

"ಕಾಂತಿಭಾಯಿ, ಈ ಬೋರ್ಡಿನ ಮೇಲೆ ಹುಡುಗರು ಕರೆಂಟ್ ಆರಿಸದೆ ಕೈ ಹಾಕೋದನ್ನ ಕಲಿತಾರ" ಎಂದೆ.

"ಶಾಕ್ ಇಲ್ಲ ಅಂದ ಮೇಲೆ ಅದೇ ಸೇಫ್ಟಿ ಅಲ್ವಾ ಅಂಗಡಿಭಾಯಿ? ಚಾಲ್ಶೇ."

ಅವನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಬೋರ್ಡು ಸುರಕ್ಷಿತವಾಗಿರುವುದು ಬೇರೆ, ಬೋರ್ಡಿನಿಂದ ಸುರಕ್ಷತೆ ಕಲಿಯುವುದು ಬೇರೆ. ನಾನು ತರಗತಿಯಲ್ಲಿ ಗಂಟಲು ಹರಿದುಕೊಂಡು ಹೇಳುತ್ತಿದ್ದೆ, ಮೊದಲು ಆರಿಸಿ, ಮೊದಲು ಆರಿಸಿ. ಹುಡುಗರು ಹೌದು ಸಾಹೇಬ್ ಎನ್ನುತ್ತಲೇ ಉರಿಯುವ ದೀಪದ ಬುಡದಲ್ಲಿ ಬೆರಳಿಟ್ಟು ತಂತಿ ಬಿಚ್ಚುತ್ತಿದ್ದರು. ಕಿವಿ ಕೇಳಿದ್ದು ಪರೀಕ್ಷೆಯ ಕಾಗದಕ್ಕೆ ಹೋಗುತ್ತದೆ. ಕೈ ಕಲಿತದ್ದು ಕೈಯಲ್ಲೇ ಉಳಿಯುತ್ತದೆ. ಹೊಸ ಶಿಕ್ಷಕರೇ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಆ ತರಗತಿಯಲ್ಲಿ ಎಲ್ಲರಿಗಿಂತ ಚುರುಕು ಕೈ ಪ್ರಕಾಶನದು. ಅವನನ್ನು ನಾನು ಮೊದಲಿನಿಂದ ಬಲ್ಲೆ. ಅವರಪ್ಪ ಶ್ರೀನಿವಾಸರಾಯರು ಕುಂದಾಪುರದ ಕಡೆಯವರು, ಮಣಿನಗರ ಸ್ಟೇಷನ್ನಿನ ಬಳಿ ಉಡುಪಿ ಹೋಟೆಲು ನಡೆಸುತ್ತಿದ್ದರು. ಅಹಮದಾಬಾದಿಗೆ ಹೋದಾಗಲೆಲ್ಲ ನನ್ನ ಊಟ ಅಲ್ಲೇ. ಗುಜರಾತಿ ಗಿರಾಕಿಗಳಿಗಾಗಿ ಸಾಂಬಾರಿಗೆ ಸಕ್ಕರೆ ಸುರಿಯುತ್ತಿದ್ದರು, ನನಗೆ ಮಾತ್ರ ಒಳಗಿನ ಪಾತ್ರೆಯಿಂದ ಖಾರದ ಸಾರು ಬರುತ್ತಿತ್ತು. ಪ್ರಕಾಶ ಅಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅವನ ಬಾಯಲ್ಲಿ ಹಿಂದಿ, ಗುಜರಾತಿ ಸೇರಿ ಕಿಚಡಿಯಾಗಿತ್ತು.

"ಇವನೊಬ್ಬ ಹಿಟ್ಟು ರುಬ್ಬುದರಿಂದ ಪಾರಾದ್ರೆ ಸಾಕು ಮಾರಾಯ್ರೆ" ಎನ್ನುತ್ತಿದ್ದರು ರಾಯರು. "ನನ್ನಪ್ಪ ಒಲೆ ಮುಂದೆ, ನಾನು ಒಲೆ ಮುಂದೆ. ಇವನ ಕೈಯಲ್ಲಿ ಸರಕಾರದ ಪರ್ಮಿಟ್ ಒಂದು ಬಂದ್ರೆ ಎಲ್ಲಿ ಹೋದ್ರೂ ಬದುಕ್ತಾನೆ. ನಿಮ್ಮ ಕೈಯಲ್ಲಿ ಉಂಟು ಅದು."

ಪ್ರಕಾಶ ನಗುತ್ತಿದ್ದ. "ಅಪ್ಪಾ, ಪರ್ಮಿಟ್ ಸರ್ ದೇತೆ ನಹೀಂ. ಎಕ್ಸಾಮ್ ಪಾಸ್ ಆಗ್ಬೇಕು." ವೈರಿಂಗ್ ಕೆಲಸ ಮಾಡಲು ಬೇಕಾದ ಆ ಪರ್ಮಿಟ್ ಅವರಿಬ್ಬರ ಪಾಲಿಗೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು. ಹೋಟೆಲಿನ ಫ್ಯಾನು, ಮಿಕ್ಸರು, ಗ್ರೈಂಡರು ಎಲ್ಲವನ್ನೂ ಆ ಹುಡುಗನೇ ನೋಡಿಕೊಳ್ಳುತ್ತಿದ್ದ. ಕಲಿಯುವ ಆಸೆ ಅವನ ಕಣ್ಣಲ್ಲೇ ಕಾಣುತ್ತಿತ್ತು.

ಬೀಗ ಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಗುಜರಿ ಅಂಗಡಿಯಿಂದ ಒಂದು ಲಾರಿಯ ಹಾರ್ನ್ ತಂದು ಬೋರ್ಡಿನ ಹಿಂದೆ ಕೂರಿಸಿದೆ. ತಂತಿ ಜೋಡಿಸುವ ಜಾಗಕ್ಕೆ ತಗಡಿನ ರೆಕ್ಕೆಯೊಂದನ್ನು ಮುಚ್ಚಿದೆ. ಸ್ವಿಚ್ ಆರಿಸಿ ಕೀಲಿ ತೆಗೆಯದೆ ರೆಕ್ಕೆ ಎತ್ತಿದರೆ ಹಾರ್ನ್ ಇಡೀ ಮಹಡಿ ನಡುಗುವ ಹಾಗೆ ಅರಚುತ್ತಿತ್ತು. ಹುಡುಗರು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟರು. ಯಾರಾದರೂ ತಪ್ಪಿದರೆ "ಭೇಂಸ್ ಬೋಲಿ!", ಎಮ್ಮೆ ಕೂಗಿತು, ಎಂದು ತರಗತಿಯೆಲ್ಲ ನಗುತ್ತಿತ್ತು. ಪ್ರಕಾಶನ ಕೈಯಲ್ಲಿ ಎಮ್ಮೆ ಮೊದಮೊದಲು ದಿನಕ್ಕೆ ಹತ್ತು ಸಲ ಕೂಗುತ್ತಿತ್ತು. ಅವನು ಕಿವಿ ಕೆಂಪಗೆ ಮಾಡಿಕೊಂಡು ಮತ್ತೆ ಶುರು ಮಾಡುತ್ತಿದ್ದ. ನಿಧಾನವಾಗಿ ಎಲ್ಲರ ಕೈಯೂ ತಾನಾಗಿ ಸ್ವಿಚ್ಚಿನ ಕಡೆ ಹೋಗತೊಡಗಿತು. ನನ್ನ ಇಡೀ ವೃತ್ತಿಯಲ್ಲಿ ನಾನು ಹೆಮ್ಮೆಪಡುವ ಒಂದು ಕೆಲಸವಿದ್ದರೆ ಅದು ಆ ಗುಜರಿ ಹಾರ್ನ್.

ಅದು ಮೂರು ತಿಂಗಳೂ ಉಳಿಯಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ಹುಡುಗರನ್ನು ಕರೆಯುವ ಮುಂಚೆ ಬೋರ್ಡು ಹೇಗಿದೆ ನೋಡೋಣ ಎಂದು ತಾವೇ ಮುಂದೆ ಬಂದು, ಕೀಲಿಯ ಕಡೆ ಕಣ್ಣೂ ಹಾಯಿಸದೆ ರೆಕ್ಕೆ ಎತ್ತಿದರು. ಎಮ್ಮೆ ಅರಚಿತು. ಪರೀಕ್ಷಕರು ಹಾರಿಬಿದ್ದರು, ಅವರ ಕೈಯ ಚಹಾ ತ್ರಿವೇದಿ ಸಾಹೇಬರ ಸಫಾರಿಯ ಮೇಲೆ ಚೆಲ್ಲಿತು. ಬಾಗಿಲಲ್ಲಿ ನಿಂತಿದ್ದ ಹುಡುಗರು ನಗು ತಡೆದುಕೊಳ್ಳಲಾರದೆ ಬಾಯಿಗೆ ಕರವಸ್ತ್ರ ತುರುಕಿಕೊಂಡರು.

ನನಗೆ ಒಳಗೊಳಗೇ ಖುಷಿಯಾಗಿತ್ತು. ತ್ರಿವೇದಿ ಸಾಹೇಬರು ಅಟೆಂಡರನನ್ನು ಕರೆದು ಕಟಿಂಗ್ ಪ್ಲೈಯರ್ ತರಿಸಿ, ನನ್ನೆದುರಿಗೇ ಹಾರ್ನಿನ ತಂತಿ ಕತ್ತರಿಸಿದರು. ಅವರು ಉಪಕರಣವೊಂದನ್ನು ಕೈಯಲ್ಲಿ ಹಿಡಿದದ್ದು ನಾನು ನೋಡಿದ್ದು ಅದೊಂದೇ ಸಲ.

"ಇದು ಶಿಕ್ಷಣ ಸಂಸ್ಥೆ, ಎಮ್ಮೆ ಕಟ್ಟುವ ತಬೇಲಾ ಅಲ್ಲ" ಎಂದರು.

"ಸಾಹೇಬ್, ಪರೀಕ್ಷೆ ಮಾಡೋರೇ ಫೇಲಾದ್ರಲ್ಲ, ಅದಕ್ಕೇನು ಮಾಡೋಣ?" ಎಂದೆ. ಸಂಜೆಯೊಳಗೆ ಕಾಂತಿಭಾಯಿಗೆ ದೂರು ಹೋಯಿತು. ಮುಂದಿನ ಬೋರ್ಡುಗಳಲ್ಲಿ ಹಾರ್ನ್ ಕೂಡದು ಎಂದು ನನಗೆ ಆಜ್ಞೆ ಬಂತು.

ಅಲ್ಲಿಗೆ ಮುಗಿಯಲಿಲ್ಲ. ಆ ಪರೀಕ್ಷೆಯಲ್ಲಿ ಕೆಲಸವನ್ನು ಬೇಗ ಮುಗಿಸಿದವರಿಗೆ ಹೆಚ್ಚು ಅಂಕ. ಸ್ವಿಚ್ ಆರಿಸಿ, ಕೀಲಿ ತೆಗೆದು, ಕರೆಂಟ್ ಹೋಗಿದೆಯೇ ಎಂದು ನೋಡುವವನು ಹಿಂದೆ ಬೀಳುತ್ತಾನೆ, ನೇರವಾಗಿ ಕೈ ಹಾಕುವವನು ಮುಂದೆ ಹೋಗುತ್ತಾನೆ. ಆರಿಸಿದ್ದಕ್ಕೂ ಅಂಕ ಕೊಡಿ ಎಂದು ಜಗಳವಾಡಿದೆ. ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ಹುಡುಗರು ದಡ್ಡರೇ? ಮುಂದಿನ ವರ್ಷದ ಅಭ್ಯಾಸವನ್ನೆಲ್ಲ ಅವರು ವೇಗಕ್ಕಾಗಿಯೇ ಮಾಡಿದರು. ನಾನು ನೋಡಲು ಹೋಗಿದ್ದ ಕೊನೆಯ ಪರೀಕ್ಷೆಯಲ್ಲಿ ಪ್ರಕಾಶ ಎಲ್ಲರಿಗಿಂತ ಬೇಗ ಮುಗಿಸಿ ಮೊದಲಿಗನಾದ. ಅವನ ಬೆರಳುಗಳು ಬೋರ್ಡಿನ ಮೇಲೆ ಓಡಾಡಿದ್ದನ್ನು ನೋಡಿ ಪರೀಕ್ಷಕರು "ವಾಹ್" ಎಂದರು. ಬೋರ್ಡಿನ ಪ್ರತಿ ದೀಪವೂ ಆಗ ಉರಿಯುತ್ತಿತ್ತು. ಹೊರಗೆ ಅವನನ್ನು ನಿಲ್ಲಿಸಿ, "ತಮ್ಮಾ, ಹೊರಗಿನ ಕರೆಂಟು ಹಿಂಗಿರೂದಿಲ್ಲ" ಎಂದೆ.

"ಮಾಲೂಮ್ ಹೈ ಸರ್. ನಾನು ಅಲ್ಲಿ ಧ್ಯಾನ್ ಇಡ್ತೇನೆ" ಎಂದ. ಅವನು ಸುಳ್ಳು ಹೇಳಲಿಲ್ಲ. ಆದರೆ ಗಮನ ಇರುವಾಗ ಯಾರೂ ಸಾಯುವುದಿಲ್ಲ. ಗಮನ ಬೇರೆ ಕಡೆ ಹೋದ ಕ್ಷಣದಲ್ಲಿ ಕೈ ತಾನು ಕಲಿತದ್ದನ್ನು ಮಾಡುತ್ತದೆ.

ಸಂಸ್ಥೆಯಿಂದ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಸಿಕ್ಕಿತು. ಆಮೇಲೆ ಪರ್ಮಿಟ್ಟೂ ಬಂತು. ರಾಯರು ಅದಕ್ಕೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ, ಕೃಷ್ಣನ ಪಟದ ಪಕ್ಕದಲ್ಲಿ ತೂಗುಹಾಕಿದರು. ಆ ದಿನ ಗಿರಾಕಿಗಳಿಗೆಲ್ಲ ಕೇಸರಿಬಾತು. ಪ್ರಕಾಶನಿಗೆ ಸೂರತ್ತಿನ ಕತಾರ್‌ಗಾಮಿನಲ್ಲಿ ಕೆಲಸ ಸಿಕ್ಕಿತು. ಧನಜೀಭಾಯಿ ಎಂಬವರ ಕಟ್ಟಡ, ಕೆಳಗೆ ವಜ್ರ ಉಜ್ಜುವ ಚಕ್ರಗಳು, ಮೇಲೆರಡು ಮಹಡಿಗಳಲ್ಲಿ ಮಗ್ಗಗಳು. ಎಲ್ಲದರ ವಿದ್ಯುತ್ತಿಗೆ ಒಬ್ಬನೇ ಎಲೆಕ್ಟ್ರಿಷಿಯನ್ ಅವನು.

ನಾನು ಸೂರತ್ತಿಗೆ ಹೋದಾಗ ಒಮ್ಮೆ ಅವನನ್ನು ನೋಡಲು ಅಲ್ಲಿಗೆ ಹೋದೆ. ಮಗ್ಗಗಳ ಸದ್ದಿಗೆ ಮಾತು ಕೇಳಿಸುವುದಿಲ್ಲ, ಗಾಳಿಯಲ್ಲೆಲ್ಲ ನೂಲಿನ ಧೂಳು. ಇಡೀ ಮಹಡಿಯ ಮಗ್ಗಗಳಿಗೆ ಒಂದೇ ಮೇನ್ ಸ್ವಿಚ್ಚು. ಒಂದು ಮಗ್ಗದ ಮೋಟಾರು ಕೆಟ್ಟರೂ ಎಲ್ಲವನ್ನೂ ನಿಲ್ಲಿಸಬೇಕು. ಸೋರಿಕೆ ಕಡಿಯುವ ಟ್ರಿಪ್ಪರನ್ನು ಆಗಾಗ ಕಡಿಯುತ್ತದೆಂದು ಕಿತ್ತು, ತಂತಿಯನ್ನು ನೇರವಾಗಿ ಸೇರಿಸಿದ್ದರು.

"ಪ್ರತಿ ಮಗ್ಗಕ್ಕೂ ಒಂದೊಂದು ಸ್ವಿಚ್ ಹಾಕ್ಸು ಅಂತ ಕೇಳು" ಎಂದೆ.

"ಕೇಳ್ದೆ ಸರ್. ಶೇಠ್ ಹೇಳ್ತಾರೆ, ದಿವಾಲಿ ಕೇ ಬಾದ್."

"ಅಲ್ಲೀತನಕ?"

"ಮಗ್ಗ ಬಂದ್ ಮಾಡ್ಬಾರ್ದು. ಮುಕಾದಮ್ ಚಿಲ್ಲಾತಾ ಹೈ." ಮುಕಾದಮ ಎಂದರೆ ಕಾರ್ಮಿಕರ ಮೇಲಿನ ಮೇಸ್ತ್ರಿ, ಮಗ್ಗ ನಿಂತರೆ ಅವನು ಕೂಗಾಡುತ್ತಾನಂತೆ. ಪ್ರಕಾಶ ಇದನ್ನು ನಗುತ್ತಲೇ ಹೇಳಿದ. ನಾನು ಧನಜೀಭಾಯಿಯ ಆಫೀಸಿಗೆ ಹೋಗಿ ಹೇಳಿದೆ. ಅವರು ನನಗೆ ತಂಪು ಮಜ್ಜಿಗೆ ತರಿಸಿ ಕೊಟ್ಟು, ದೀಪಾವಳಿ ಆಗಲಿ ಎಂದರು.

ದೀಪಾವಳಿಗೆ ಮುಂಚೆಯೇ ಆಯಿತು. ಒಂದು ಮಗ್ಗದ ಮೋಟಾರು ನಿಂತಿತ್ತು, ಸುತ್ತಲಿನವು ಓಡುತ್ತಿದ್ದವು. ಮುಕಾದಮ ಬೇಗ, ಬೇಗ ಎಂದು ಕಿವಿಯ ಹತ್ತಿರ ಕೂಗುತ್ತಿದ್ದ. ಪ್ರಕಾಶ ಮೋಟಾರಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ನನ್ನ ಬೋರ್ಡಿನ ಮೇಲೆ ಎರಡು ವರ್ಷ ಮಾಡಿದಂತೆಯೇ ಒಳಗೆ ಬಲಗೈ ಹಾಕಿದ. ಅಲ್ಲಿದ್ದದ್ದು ಮೂರು ಫೇಸು, ನಾನೂರು ದಾಟಿದ ವೋಲ್ಟು. ಪಕ್ಕದ ಮಗ್ಗದವನೊಬ್ಬ ಮರದ ಪಟ್ಟಿಯಿಂದ ಹೊಡೆದು ಬಿಡಿಸಿದ್ದರಿಂದ ಜೀವ ಉಳಿಯಿತು. ಬಲಗೈಯ ಹೆಬ್ಬೆರಳು, ಪಕ್ಕದ ಎರಡು ಬೆರಳು ಸುಟ್ಟುಹೋದವು, ಆಸ್ಪತ್ರೆಯಲ್ಲಿ ತೆಗೆದರು.

ಧನಜೀಭಾಯಿ ಆಸ್ಪತ್ರೆಗೆ ಹಣ್ಣು ಕಳಿಸಿದರು. ಅಪಘಾತದ ಬಗ್ಗೆ ಸರ್ಕಾರ ನಡೆಸಿದ ವಿಚಾರಣೆಗೆ ಕಳಿಸಿದ್ದು ಬೇರೆ. ನಮ್ಮ ಎಲೆಕ್ಟ್ರಿಷಿಯನ್ ಸುರಕ್ಷತಾ ತರಬೇತಿ ಪಡೆದವನು, ತರಗತಿಗೇ ಮೊದಲಿಗ. ಇಷ್ಟು ಕಲಿತವನು ಕರೆಂಟ್ ಆರಿಸದೆ ಕೈ ಹಾಕಿದರೆ ಅದು ಅವನದೇ ಅಜಾಗರೂಕತೆ, ಎಂದು ಬರೆದು ಆ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದರು. ಅಜಾಗರೂಕತೆ ಎಂದು ತೀರ್ಮಾನವಾದರೆ ಪ್ರಕಾಶನ ಪರ್ಮಿಟ್ ರದ್ದಾಗುತ್ತದೆ. ಬೆರಳು ಹೋದರೂ ಮೇಲ್ವಿಚಾರಣೆಯ ಕೆಲಸವನ್ನಾದರೂ ಮಾಡಬಹುದಿತ್ತು, ಪರ್ಮಿಟ್ ಹೋದರೆ ಅದೂ ಇಲ್ಲ. ತರಬೇತಿ ಕೊಟ್ಟವನೆಂದು ನನಗೂ ಕರೆ ಬಂತು.

"ಒಳ್ಳೆ ಶರ್ಟು ಹಾಕ್ಕೊಂಡು ಹೋಗು" ಎಂದ ಕಾಂತಿಭಾಯಿ. "ಹುಡುಗನಿಗೆ ಪೂರಾ ತರಬೇತಿ ಕೊಟ್ಟಿದ್ದೇವೆ ಅಂತ ಹೇಳು. ಕಂಪನಿ ಹೆಸರು ಉಳಿಯುತ್ತೆ."

ನಾನು ಒಳ್ಳೆಯ ಶರ್ಟೇ ಹಾಕಿಕೊಂಡೆ. ಜೊತೆಗೆ ಗೋದಾಮಿನಿಂದ, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಒಂದು ಚಿಕ್ಕ ನಮೂನೆ ಬೋರ್ಡನ್ನು ಎತ್ತಿಕೊಂಡು ಸೂರತ್ತಿನ ರೈಲು ಹತ್ತಿದೆ. ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ, ಧನಜೀಭಾಯಿ, ಅವರ ಕಡೆಯ ಒಬ್ಬ ಎಂಜಿನಿಯರು ಇದ್ದರು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೈಗೆ ಬ್ಯಾಂಡೇಜು ಸುತ್ತಿದ್ದ ಪ್ರಕಾಶ, ಪಕ್ಕದಲ್ಲಿ ರಾಯರು. ನಾನು ಬೋರ್ಡನ್ನು ಮೇಜಿನ ಮೇಲಿಟ್ಟು, ಪ್ಲಗ್ ಹಾಕಿ, ದೀಪ ಉರಿಸಿದೆ. ಎಂಜಿನಿಯರನ ಕಡೆ ತಿರುಗಿ, "ಈ ದೀಪದ ತಂತಿ ಬಿಚ್ಚಿ ಕೊಡ್ತೀರಾ?" ಎಂದೆ. ಅವನು ಎದ್ದು ಬಂದ, ಉರಿಯುತ್ತಿದ್ದ ದೀಪಕ್ಕೆ ನೇರವಾಗಿ ಕೈ ಹಾಕಿ ಬಿಚ್ಚಿದ.

"ನೋಡ್ರಿ ಸಾಹೇಬ್, ಓದಿದವರೇ ಆರಿಸಲಿಲ್ಲ. ಈ ಬೋರ್ಡು ಕಲಿಸೋದು ಇದನ್ನೇ" ಎಂದೆ.

ಅಧಿಕಾರಿ ನಕ್ಕರು. "ಅಂಗಡಿ, ಇದು ಇಪ್ಪತ್ತನಾಲ್ಕು ವೋಲ್ಟು. ಏನೂ ಆಗಲ್ಲ ಅಂತ ಅವರಿಗೆ ಗೊತ್ತು."

"ನಾನು ಹೇಳೋದೂ ಅದನ್ನೇ. ಏನೂ ಆಗಲ್ಲ ಅಂತ ಕೈಗೆ ಕಲಿಸಿ..."

"ನೀವು ಅವನಿಗೆ ಆರಿಸಬೇಕು ಅಂತ ಹೇಳಿದ್ರೋ ಇಲ್ವೋ?"

"ಬಾಯಲ್ಲಿ ಹೇಳಿದೆ. ಆದ್ರೆ ಬೋರ್ಡು..."

"ಹೌದೋ, ಇಲ್ವೋ?"

"ಹೌದು. ಆ ಕಾರ್ಖಾನೆಯಲ್ಲಿ ಒಂದೊಂದು ಮಗ್ಗಕ್ಕೆ ಸ್ವಿಚ್ಚೇ ಇಲ್ಲ. ಆರಿಸೋದು ಯಾವುದನ್ನ?"

"ಅದು ಬೇರೆ ವಿಷಯ" ಎಂದರು ಅಧಿಕಾರಿ. ಗುಮಾಸ್ತನಿಗೆ ಬರೆಸಿದ್ದು ಇಷ್ಟು: ತರಬೇತಿ ನೀಡಲಾಗಿದೆ, ವಿದ್ಯುತ್ ಆರಿಸಬೇಕೆಂದು ತಿಳಿಸಲಾಗಿದೆ. ನಾನು ಧ್ವನಿ ಏರಿಸಿದೆ. ಹೊರಗೆ ಕಳಿಸಿದರು. ಆ ಹೊತ್ತಿನ ಸಿಟ್ಟು ಇವತ್ತಿಗೂ ನನ್ನ ಎದೆಯಲ್ಲಿ ಹಾಗೇ ಇದೆ, ಅದನ್ನು ಮುಚ್ಚಿಡುವ ಆಸೆ ನನಗಿಲ್ಲ.

ಮೆಟ್ಟಿಲ ಬಳಿ ರಾಯರು ನನ್ನನ್ನು ದಾಟಿ ಹೋಗುವಾಗ ನಿಂತರು. "ಎಲ್ಲ ಬಿಟ್ಟು ಹೌದು ಅಂದ್ರಿ ಅಲ್ಲಾ ನೀವು. ನಿಮ್ಮ ಬೋರ್ಡನ್ನೂ ಹೊತ್ಕೊಂಡು ಬಂದ್ರಿ. ನನ್ನ ಮಗನ ಕೈ ಹೋದ ಜಾಗದಲ್ಲಿ ನಿಮಗೆ ಎಂತ ವ್ಯಾಪಾರ ಮಾರಾಯ್ರೆ?"

"ಅಪ್ಪಾ, ಐಸಾ ಮತ್ ಬೋಲೋ. ಸರ್ ನನ್ನ ಸಲುವಾಗಿ ಲಡಾಯಿ ಮಾಡಿದ್ರು" ಎಂದ ಪ್ರಕಾಶ.

"ನಿನಗೆ ಗೊತ್ತಾಗುದಿಲ್ಲ, ನಡಿ" ಎಂದು ಮಗನ ಎಡಗೈ ಹಿಡಿದುಕೊಂಡು ಇಳಿದುಹೋದರು. ಏನೆಂದು ವಾದಿಸಲಿ? ದಾಖಲೆಗೆ ಹೋದದ್ದೂ ಅವರು ಕೇಳಿಸಿಕೊಂಡ ಆ ಹೌದು ಒಂದೇ.

ಪರ್ಮಿಟ್ ರದ್ದಾಯಿತು. ಪ್ರಕಾಶ ಮಣಿನಗರಕ್ಕೆ ಮರಳಿ ಹೋಟೆಲಿನ ಗಲ್ಲಾದಲ್ಲಿ ಕೂತ, ಎಡಗೈಯಲ್ಲಿ ಬಿಲ್ಲು ಬರೆಯುವುದನ್ನು ಕಲಿತ. ನಾನು ಒಮ್ಮೆ ಧೈರ್ಯ ಮಾಡಿ ಹೋದೆ. ರಾಯರು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮಾಣಿ ತಂದಿಟ್ಟದ್ದು ಸಕ್ಕರೆ ಹಾಕಿದ ಸಾಂಬಾರು. ತಿಂದು ಎದ್ದು ಬಂದೆ, ಮತ್ತೆ ಹೋಗಲಿಲ್ಲ.

ನಮ್ಮ ಬೋರ್ಡಿನ ಹೆಸರು ಇದರಿಂದ ಕೆಟ್ಟಿರಬೇಕು ಎಂದುಕೊಳ್ಳುತ್ತೀರಿ. ನಾನೂ ಹಾಗೇ ಎಣಿಸಿದ್ದೆ. ವಿಚಾರಣೆಯ ಸುದ್ದಿ ಸೂರತ್ತಿನ ಮಾಲೀಕರಲ್ಲಿ ಕಿವಿಯಿಂದ ಕಿವಿಗೆ ಹರಡಿತು. ತರಬೇತಿ ಕೊಟ್ಟ ಕಾಗದವೊಂದಿದ್ದರೆ ಅಪಘಾತದ ಹೊಣೆ ಕೆಲಸದವನ ಮೇಲೆ ಹೋಗುತ್ತದೆ ಎಂಬುದು ಅವರಿಗೆ ಮನದಟ್ಟಾಯಿತು. ಅಲ್ಲಿಯವರೆಗೆ ಕಾಲೇಜುಗಳು ಮಾತ್ರ ಕೊಳ್ಳುತ್ತಿದ್ದ ಬೋರ್ಡನ್ನು ಈಗ ಮಗ್ಗದ ಮಾಲೀಕರು, ವಜ್ರದ ಮಾಲೀಕರು ಕೇಳತೊಡಗಿದರು. ಕಾಂತಿಭಾಯಿ ಇನ್ನೊಂದು ಶೆಡ್ಡು ಹಿಡಿದ. ಒಂದೇ ಸ್ವಿಚ್ಚು, ಒಂದೇ ದೀಪ ಇರುವ, ಬಗಲಲ್ಲಿ ಹಿಡಿದು ಒಯ್ಯಬಹುದಾದ ಹೊಸ ಮಾದರಿ ಮಾಡಿಸಿದ. ಕಾಗದವನ್ನೂ ತಾನೇ ಅಚ್ಚು ಹಾಕಿಸಿದ. ಅದರಲ್ಲಿ ಕಾರ್ಮಿಕನ ಸಹಿಗೆ ಖಾಲಿ ಜಾಗ, ತರಬೇತುದಾರನ ಜಾಗದಲ್ಲಿ ಮೊದಲೇ ಮುದ್ರಿಸಿದ ನನ್ನ ಹೆಸರು.

ಧನಜೀಭಾಯಿಯೂ ಬೋರ್ಡು ಕೊಂಡರು. ತರಬೇತಿಗೆ ಕಾಂತಿಭಾಯಿ ನನ್ನನ್ನೇ ಕಳಿಸಿದ. ಹೋಗುವುದಿಲ್ಲ ಎನ್ನಬಹುದಿತ್ತು. ಸ್ವಿಚ್ಚುಗಳನ್ನು ಹಾಕಿಸಿದ್ದಾರೋ ನೋಡಬೇಕೆಂದು ಹೋದೆ. ಹಾಕಿಸಿರಲಿಲ್ಲ. ಮಗ್ಗಗಳ ಸದ್ದಿನ ನಡುವೆ, ಪಾಳಿ ಬದಲಾಗುವ ಹೊತ್ತಿನಲ್ಲಿ, ಮುಕಾದಮ ಎಲ್ಲರನ್ನೂ ಮೆಟ್ಟಿಲ ಪಕ್ಕ ಗುಂಪು ಹಾಕಿದ. ನಾನು ಬೋರ್ಡನ್ನು ಬಿಚ್ಚುವ ಮೊದಲೇ ಸಹಿಯ ಕಾಗದದ ಕಟ್ಟು ಕೈಯಿಂದ ಕೈಗೆ ಹೋಗತೊಡಗಿತ್ತು.

ಪ್ರಕಾಶನ ಜಾಗಕ್ಕೆ ಬಂದಿದ್ದ ಹೊಸ ಎಲೆಕ್ಟ್ರಿಷಿಯನ್ ನನ್ನ ಹತ್ತಿರ ಬಗ್ಗಿ, "ಮುಂಚೆ ಇದ್ದವನು ಕೆಲಸ ಗೊತ್ತಿಲ್ಲದವನಂತೆ, ಹೌದಾ ಸಾಹೇಬ್?" ಎಂದು ಕೇಳಿದ.

ಎಲ್ಲರಿಗೂ ಕೇಳಿಸಲೆಂದು ಮಗ್ಗದ ಸದ್ದಿನ ಮೇಲೆ ಕೂಗಿ ಹೇಳಿದೆ. "ನನ್ನ ವಿದ್ಯಾರ್ಥಿಗಳಲ್ಲಿ ಅವನೇ ಮೊದಲಿಗ. ಅವನು ತಪ್ಪು ಮಾಡಲಿಲ್ಲ. ನಾವು ಕಲಿಸಿದ್ದನ್ನೇ ಮಾಡಿದ. ನೀವು ಈ ಬೋರ್ಡಿನ ಮೇಲೆ ಏನೂ ಕಲಿಯಬೇಡಿ. ಮಗ್ಗಕ್ಕೊಂದು ಸ್ವಿಚ್ಚು ಹಾಕಿಸಿಕೊಡಿ ಅಂತ ಕೇಳಿ. ಹಾಕಿಸೋವರೆಗೂ ಈ ಕಾಗದಕ್ಕೆ ಸಹಿ ಹಾಕಬೇಡಿ."

ಮುಕಾದಮ ನನ್ನ ತೋಳು ಹಿಡಿದ. ಒಡಿಶಾದ ಗಂಜಾಂ ಕಡೆಯ ಒಬ್ಬ ಮಗ್ಗದವನು ಮುಂದೆ ಬಂದ. ತಲೆಯ ತುಂಬ ನೂಲಿನ ಧೂಳು ಕೂತು ಕೂದಲು ಬಿಳಿಯಾಗಿ ಕಾಣುತ್ತಿತ್ತು. ಹೆಸರು ದಂಡಪಾಣಿ. ಕಾಗದವನ್ನು ನನ್ನ ಮುಖದ ಮುಂದೆ ಹಿಡಿದು ಹಿಂದಿಯಲ್ಲಿ ಕೇಳಿದ.

"ಸಾಬ್, ಇದಕ್ಕೆ ಸಹಿ ಹಾಕಿದ ಮೇಲೆ ನನಗೆ ಕರೆಂಟ್ ಹೊಡೆದರೆ ತಪ್ಪು ಯಾರದು?"

"ನಿನ್ನದು" ಎಂದೆ.

"ಹಾಕದಿದ್ದರೆ?"

ಉತ್ತರ ಕೊಟ್ಟದ್ದು ಮುಕಾದಮ. "ಹಾಕದವರು ಕೆಳಗಿಳೀರಿ. ಮಗ್ಗಕ್ಕೆ ಬೇರೆಯವರು ಕಾಯ್ತಿದ್ದಾರೆ."

ದಂಡಪಾಣಿ ಮೆಟ್ಟಿಲ ಕಡೆ ನೋಡಿದ. ತನ್ನ ಮಗ್ಗದ ಕಡೆ ನೋಡಿದ. ಆಮೇಲೆ ನನ್ನ ಅಂಗಿಯ ಜೇಬಿನ ಕಡೆ ಕೈ ಚಾಚಿ, ಪೆನ್ನು ಕೊಡಿ ಎಂದ.